ಮೂರು ಲಕ್ಷದ ಆಚೆಗಿನ ಖರ್ಚಿಗೆ: ಅಪ್ಪ ಅಮ್ಮನ ಸೂಪರ್ ಟಾಪ್‌ಅಪ್ ಪಾಲಿಸಿಯನ್ನು ಬಳಸಿ ನೋಡಿದ ಮೇಲೆ

ನನ್ನ ತಂದೆ ಸರ್ಕಾರಿ ಸ್ವಾಮ್ಯದ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿದ್ದು 2014ರಲ್ಲಿ ನಿವೃತ್ತರಾದವರು. ನಿವೃತ್ತ ನೌಕರರಿಗಾಗಿ ಇರುವ ಗುಂಪು ವಿಮೆಯಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಸೇರಿ ವರ್ಷಕ್ಕೆ ಮೂರು ಲಕ್ಷ ರೂಪಾಯಿಯ ರಕ್ಷಣೆ ಇದೆ. ಹತ್ತು ವರ್ಷಗಳ ಹಿಂದೆ ಅದು ಸಾಕೆನಿಸುತ್ತಿತ್ತು. ಈಗ ಶಿವಮೊಗ್ಗ, ಮಂಗಳೂರಿನಂಥ ಊರುಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ಒಂದು ವಾರ ಐಸಿಯುವಿನಲ್ಲಿ ಇರಬೇಕಾಗಿ ಬಂದರೆ ಆ ಮೊತ್ತ ಅರ್ಧ ದಾರಿಗೇ ಮುಗಿಯುತ್ತದೆ. ಆದ್ದರಿಂದ ಆ ಮೂಲ ಪಾಲಿಸಿಯ ಮೇಲೆ ಹತ್ತು ಲಕ್ಷದ ಒಂದು ಸೂಪರ್ ಟಾಪ್‌ಅಪ್ ಪಾಲಿಸಿಯನ್ನು ಬೇರೊಂದು ವಿಮಾ ಕಂಪನಿಯಿಂದ ಪಡೆದು, ಪ್ರತಿವರ್ಷ ನಾನೇ ಹಣ ಕಟ್ಟಿಕೊಂಡು ಬಂದಿದ್ದೇನೆ. ಅಮ್ಮ 2021ರ ಜೂನ್‌ನಿಂದ, ಅಪ್ಪ 2024ರ ಜೂನ್‌ನಿಂದ ಇದರಲ್ಲಿದ್ದಾರೆ. ಕಳೆದ ಒಂದು ವರ್ಷದಲ್ಲಿ ಮೂರು ಸಲ ಆಸ್ಪತ್ರೆಗೆ ಸೇರಬೇಕಾಗಿ ಬಂದದ್ದರಿಂದ ಪಾಲಿಸಿಯ ಗುಣವೂ ದೋಷವೂ ಚೆನ್ನಾಗಿ ತಿಳಿದವು. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ; ಇಲ್ಲಿ ಹೇಳುವುದರಲ್ಲಿ ಬಹುಪಾಲು ಈ ಬಗೆಯ ಎಲ್ಲ ಪಾಲಿಸಿಗಳಿಗೂ ಅನ್ವಯಿಸುತ್ತದೆ.

ಮೊದಲು ಈ ಪಾಲಿಸಿ ಕೆಲಸ ಮಾಡುವ ಬಗೆ. ಸೂಪರ್ ಟಾಪ್‌ಅಪ್‌ನಲ್ಲಿ ‘ಡಿಡಕ್ಟಿಬಲ್’ ಎಂಬ ಒಂದು ಗಡಿ ಇರುತ್ತದೆ. ನಮ್ಮ ಪಾಲಿಸಿಯಲ್ಲಿ ಅದು ಮೂರು ಲಕ್ಷ. ಪಾಲಿಸಿಯ ಒಂದು ವರ್ಷದೊಳಗೆ ಆಸ್ಪತ್ರೆಯ ಖರ್ಚುಗಳೆಲ್ಲ ಸೇರಿ ಮೂರು ಲಕ್ಷ ದಾಟಿದರೆ, ದಾಟಿದ ನಂತರದ ಖರ್ಚನ್ನು ಕಂಪನಿ ಭರಿಸುತ್ತದೆ. ಆ ಮೊದಲ ಮೂರು ಲಕ್ಷವನ್ನು ಮೂಲ ಪಾಲಿಸಿ ಕೊಡುತ್ತದೆಯೋ ನಾವು ಕೈಯಿಂದ ಕೊಡುತ್ತೇವೆಯೋ ಎಂಬುದು ಕಂಪನಿಗೆ ಮುಖ್ಯವಲ್ಲ. ‘ಸೂಪರ್’ ಎಂಬ ಮಾತಿಲ್ಲದ ಬರಿಯ ಟಾಪ್‌ಅಪ್ ಪಾಲಿಸಿಗಳೂ ಮಾರುಕಟ್ಟೆಯಲ್ಲಿವೆ, ಸ್ವಲ್ಪ ಅಗ್ಗಕ್ಕೇ ಸಿಗುತ್ತವೆ. ಅವುಗಳಲ್ಲಿ ಪ್ರತಿಯೊಂದು ಬಿಲ್ಲೂ ತಾನೊಂದೇ ಮೂರು ಲಕ್ಷ ದಾಟಬೇಕು. ಎರಡೂವರೆ ಲಕ್ಷದ ಎರಡು ಬಿಲ್ಲುಗಳು ಒಂದೇ ವರ್ಷದಲ್ಲಿ ಬಂದರೆ ಟಾಪ್‌ಅಪ್ ಪಾಲಿಸಿಯಿಂದ ಒಂದು ರೂಪಾಯಿಯೂ ಬರುವುದಿಲ್ಲ; ಸೂಪರ್ ಟಾಪ್‌ಅಪ್‌ನಲ್ಲಿ ಎರಡು ಲಕ್ಷಕ್ಕೆ ಹಕ್ಕು ಇರುತ್ತದೆ. ವಯಸ್ಸಾದವರಿಗೆ ಬರುವುದು ಸಾಮಾನ್ಯವಾಗಿ ಮಧ್ಯಮ ಗಾತ್ರದ, ಆದರೆ ಮೇಲಿಂದ ಮೇಲೆ ಬರುವ ಬಿಲ್ಲುಗಳು. ಹಾಗಾಗಿ ಹಿರಿಯರಿಗೆ ಬರಿಯ ಟಾಪ್‌ಅಪ್ ಕೊಳ್ಳುವುದರಲ್ಲಿ ಅರ್ಥವಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ.

2021ರಲ್ಲಿ ನಾನು ವಿಚಾರಿಸಲು ಹೊರಟಾಗ ಅಪ್ಪನಿಗೆ 67 ವರ್ಷ. ಎರಡು ಕಂಪನಿಗಳು ವಯಸ್ಸು ಕೇಳಿದ ಕೂಡಲೇ ಮಾತು ಮುಗಿಸಿದವು. ಆಗಿದ್ದ ನಿಯಮದ ಪ್ರಕಾರ 65 ವರ್ಷದವರೆಗಿನವರಿಗೆ ಪಾಲಿಸಿ ಪಡೆಯುವ ಅವಕಾಶವನ್ನು ಕಂಪನಿಗಳು ಕೊಡಲೇಬೇಕಿತ್ತು. ಅದರಾಚೆಗಿನವರನ್ನು ಸೇರಿಸಿಕೊಳ್ಳುವುದು ಬಿಡುವುದು ಅವುಗಳ ಇಚ್ಛೆಗೆ ಸೇರಿತ್ತು. ಅಮ್ಮನಿಗೆ ಆಗ 63 ಆಗಿದ್ದರಿಂದ ಅವರೊಬ್ಬರಿಗೆ ಪಾಲಿಸಿ ಸಿಕ್ಕಿತು. ಮನೆಯಲ್ಲಿ ಹೆಚ್ಚು ಅಪಾಯವಿದ್ದವರನ್ನು ಹೊರಗಿಟ್ಟು ಕಡಿಮೆ ಅಪಾಯವಿದ್ದವರಿಗೆ ಮಾತ್ರ ರಕ್ಷಣೆ ಕೊಂಡುಕೊಂಡಂತಾಗಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಹೊರಡಿಸಿದ ಹೊಸ ನಿಯಮಾವಳಿ 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಆ 65ರ ಗೆರೆ ಅಳಿಸಿಹೋಯಿತು. ಎಲ್ಲ ವಯಸ್ಸಿನವರಿಗೂ ಹೊಂದುವ ಪಾಲಿಸಿಗಳನ್ನು ಕಂಪನಿಗಳು ಒದಗಿಸಬೇಕೆಂದು ಅದು ಹೇಳುತ್ತದೆ. ಅದೇ ವರ್ಷದ ಜೂನ್‌ನಲ್ಲಿ, 70ನೆಯ ವಯಸ್ಸಿನಲ್ಲಿ ಅಪ್ಪ ಅದೇ ಕಂಪನಿಯ ಪಾಲಿಸಿಗೆ ಸೇರಿದರು. ಅಮ್ಮನ ಹಳೆಯ ವರ್ಷಗಳ ಲೆಕ್ಕವನ್ನು ಉಳಿಸಿಕೊಂಡು ಇಬ್ಬರದೂ ಒಂದೇ ಫ್ಲೋಟರ್, ಅಂದರೆ ಇಬ್ಬರೂ ಒಂದೇ ಮೊತ್ತವನ್ನು ಹಂಚಿಕೊಳ್ಳುವ ಪಾಲಿಸಿ, ಆಯಿತು.

ಆದರೆ ಬಾಗಿಲು ತೆರೆದಿದೆಯೆಂದ ಮಾತ್ರಕ್ಕೆ ಎಲ್ಲರನ್ನೂ ಒಳಗೆ ಬಿಡುತ್ತಾರೆಂದು ಯಾರೂ ತಿಳಿಯಬಾರದು. ಆರೋಗ್ಯದ ಸ್ಥಿತಿ ನೋಡಿ ನಿರಾಕರಿಸುವ ಅಥವಾ ಹೆಚ್ಚು ಪ್ರೀಮಿಯಂ ಕೇಳುವ ಅಧಿಕಾರ ಕಂಪನಿಗಳಿಗೆ ಈಗಲೂ ಇದೆ. ಅಪ್ಪನಿಗೆ ಬಿಪಿ ಮತ್ತು ಸಕ್ಕರೆ ಕಾಯಿಲೆ ಇರುವುದನ್ನು ಅರ್ಜಿಯಲ್ಲಿಯೇ ಬರೆದಿದ್ದೆವು. ಇಸಿಜಿ, ಮೂರು ತಿಂಗಳ ಸಕ್ಕರೆಯ ಸರಾಸರಿ, ಮೂತ್ರಪಿಂಡದ ಪರೀಕ್ಷೆ ಎಲ್ಲ ಮಾಡಿಸಿ, ಎರಡು ವಾರ ಕಾಯಿಸಿ, ಲೋಡಿಂಗ್ (ಹೆಚ್ಚುವರಿ ಪ್ರೀಮಿಯಂ) ಹಾಕಿ ಒಪ್ಪಿಕೊಂಡರು. ನಮಗೆ ಪಾಲಿಸಿ ತಂದುಕೊಡಲು ಬಂದ ಏಜೆಂಟರು ಸಕ್ಕರೆ ಕಾಯಿಲೆಯ ವಿಷಯ ಬರೆಯದಿದ್ದರೆ ಬೇಗ ಆಗುತ್ತದೆ ಎಂದು ಸೂಚಿಸಿದ್ದರು. ನಾನು ಒಪ್ಪಲಿಲ್ಲ. ಮೊದಲೇ ಇದ್ದ ಕಾಯಿಲೆಗಳ ಚಿಕಿತ್ಸೆಗೆ ಹಣ ಸಿಗಲು ಕಾಯಬೇಕಾದ ಗರಿಷ್ಠ ಅವಧಿಯನ್ನು ಹೊಸ ನಿಯಮ ನಾಲ್ಕು ವರ್ಷದಿಂದ ಮೂರು ವರ್ಷಕ್ಕೆ ಇಳಿಸಿದೆ. ನಮ್ಮ ಪಾಲಿಸಿಯಲ್ಲಿ ಅದು ಎರಡೇ ವರ್ಷ. ಮುಚ್ಚಿಟ್ಟು ಸೇರಿದವರಿಗೆ ಐದು ವರ್ಷ ಮುಗಿಯುವವರೆಗೂ ತಲೆಯ ಮೇಲೆ ಕತ್ತಿ ತೂಗುತ್ತಿರುತ್ತದೆ. ಎಡೆಬಿಡದೆ 60 ತಿಂಗಳು ಪಾಲಿಸಿ ನಡೆಸಿದ ಮೇಲೆ, ವಂಚನೆ ಸಾಬೀತಾದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ಮೊದಲು ಈ ಅವಧಿ ಎಂಟು ವರ್ಷವಿತ್ತು. ಅಮ್ಮನಿಗೆ ಈ ಜೂನ್‌ಗೆ ಐದು ವರ್ಷ ತುಂಬುತ್ತದೆ. ಎಪ್ಪತ್ತರ ಹರೆಯದಲ್ಲಿ ಪಾಲಿಸಿ ಪಡೆಯುವವರಿಗೆ ಎಂಟು ವರ್ಷಕ್ಕೂ ಐದು ವರ್ಷಕ್ಕೂ ಇರುವ ಅಂತರ ಸಣ್ಣದಲ್ಲ.

ಇನ್ನು ಪ್ರೀಮಿಯಂ. ಇಬ್ಬರಿಗೂ ಸೇರಿ 2024ರಲ್ಲಿ 23,400 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ ಎಂದು 4,212, ಒಟ್ಟು 27,612 ರೂಪಾಯಿ ಕಟ್ಟಿದೆ. 2025ರಲ್ಲಿ ಅದು 25,500 ಆಗಿ, ತೆರಿಗೆಯೂ ಸೇರಿ 30,090 ಆಯಿತು. ಏರಿಕೆ ಶೇ. 9ರಷ್ಟು. ಅದು ಹತ್ತರ ಕೆಳಗೇ ನಿಂತದ್ದಕ್ಕೆ ಒಂದು ಕಾರಣವಿದೆ. ಹಿರಿಯ ನಾಗರಿಕರ ಆರೋಗ್ಯ ವಿಮೆಯ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಮೊದಲು ಪ್ರಾಧಿಕಾರದೊಂದಿಗೆ ಸಮಾಲೋಚಿಸಬೇಕೆಂದು 2025ರ ಜನವರಿ 30ರಂದು ಆದೇಶವಾಗಿದೆ; ಹಿರಿಯರ ಪಾಲಿಸಿಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯುವಾಗಲೂ ಇದೇ ಷರತ್ತು. ಅದಕ್ಕೂ ಮೊದಲು ಒಂದೇ ಏಟಿಗೆ ವಿಪರೀತ ಏರಿಸಿ, ಕಟ್ಟಲಾಗದ ಹಿರಿಯರು ತಾವಾಗಿಯೇ ಪಾಲಿಸಿ ಬಿಡುವಂತೆ ಆಗುತ್ತಿತ್ತು. ಈ ಮಿತಿ ಒಳ್ಳೆಯದೇ. ಆದರೂ ಪ್ರತಿವರ್ಷ ಶೇ. 10 ಏರಿದರೆ ಎಂಟು ವರ್ಷಕ್ಕೆ ಪ್ರೀಮಿಯಂ ಎರಡು ಪಟ್ಟನ್ನು ದಾಟುತ್ತದೆ, ಪಿಂಚಣಿ ಆ ವೇಗದಲ್ಲಿ ಏರುವುದಿಲ್ಲ ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಕೊಳ್ಳಬೇಕು.

2025ರ ಸೆಪ್ಟೆಂಬರ್ 22ರಿಂದ ವ್ಯಕ್ತಿಗಳು ಹಾಗೂ ಕುಟುಂಬಗಳು ತಾವೇ ಪಡೆಯುವ ಆರೋಗ್ಯ ವಿಮೆಯ ಮೇಲಿನ ಜಿಎಸ್‌ಟಿ ಪೂರ್ತಿ ರದ್ದಾಗಿದೆ. ಬರುವ ಜೂನ್‌ನಲ್ಲಿ ಕಂಪನಿ ಪೂರಾ ಶೇ. 10 ಏರಿಸಿದರೂ ನಾನು ಕಟ್ಟಬೇಕಾದದ್ದು 28,050 ರೂಪಾಯಿ, ಅಂದರೆ ಕಳೆದ ವರ್ಷಕ್ಕಿಂತ ಕಡಿಮೆಯೇ. ಆದರೆ ಈ ವಿನಾಯಿತಿ ಗುಂಪು ವಿಮೆಗೆ ಇಲ್ಲ. ನವೆಂಬರ್‌ನಲ್ಲಿ ಅಪ್ಪ ತಮ್ಮ ಮೂಲ ಪಾಲಿಸಿಯನ್ನು ನವೀಕರಿಸುವಾಗ ಶೇ. 18 ತೆರಿಗೆಯನ್ನು ಕಟ್ಟಿಯೇ ನವೀಕರಿಸಿದರು. ನೌಕರಿಯಲ್ಲಿರುವವರ ಗುಂಪು ವಿಮೆಗೆ ಸಂಸ್ಥೆ ಹಣ ಕಟ್ಟುತ್ತದೆ. ನಿವೃತ್ತರಾದ ಅಪ್ಪ ತಮ್ಮ ಕಿಸೆಯಿಂದಲೇ ಕಟ್ಟುತ್ತಾರೆ. ಗುಂಪು ಎಂಬ ಹೆಸರಿದೆ ಎಂಬ ಒಂದೇ ಕಾರಣಕ್ಕೆ ಪಿಂಚಣಿದಾರರು ತೆರಿಗೆ ಕೊಡಬೇಕಾಗಿರುವುದು ನ್ಯಾಯವಲ್ಲ, ಇದು ಸರಿಯಾಗಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದಿರುವ ಮಕ್ಕಳಿಗೆ, ಅರವತ್ತು ದಾಟಿದ ತಂದೆ ತಾಯಿಯ ಪ್ರೀಮಿಯಂ ಕಟ್ಟಿದ್ದಕ್ಕೆ ಆದಾಯ ತೆರಿಗೆ ಕಾಯ್ದೆಯ ಪ್ರಕಾರ 50,000 ರೂಪಾಯಿಯವರೆಗೆ ಕಡಿತ ಸಿಗುತ್ತದೆ, ನಗದಾಗಿ ಕಟ್ಟಿರಬಾರದು ಅಷ್ಟೆ. ಹೊಸ ಪದ್ಧತಿಗೆ ಹೋದವರಿಗೆ ಅದು ಇಲ್ಲ.

ಈಗ ಮುಖ್ಯ ವಿಷಯ. ಈ ಪಾಲಿಸಿಯಲ್ಲಿ ನನಗೆ ಅತಿ ದೊಡ್ಡ ಪೆಟ್ಟು ಕೊಟ್ಟದ್ದು ಷರತ್ತುಗಳ ಸಣ್ಣಕ್ಷರಗಳಲ್ಲ, ಕ್ಯಾಲೆಂಡರ್. ಅಪ್ಪನ ಮೂಲ ಪಾಲಿಸಿಯ ವರ್ಷ ನವೆಂಬರ್ 1ಕ್ಕೆ ಶುರುವಾಗಿ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಸೂಪರ್ ಟಾಪ್‌ಅಪ್‌ನ ವರ್ಷ ಜೂನ್ 12ರಿಂದ ಮರುವರ್ಷದ ಜೂನ್ 11ರವರೆಗೆ. 2021ರಲ್ಲಿ ಹಣ ಕಟ್ಟಿದ ದಿನವೇ ಪಾಲಿಸಿಯ ದಿನವಾಯಿತು. ಎರಡರ ದಿನಾಂಕಗಳು ಹೊಂದಬೇಕೆಂದು ಏಜೆಂಟರು ಹೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅದರ ಬೆಲೆ ಏನೆಂದು ತಿಳಿದದ್ದು ಕಳೆದ ಮಳೆಗಾಲದಲ್ಲಿ.

ಕಳೆದ ವರ್ಷ ಮೇ ಮೂರನೆಯ ವಾರದಲ್ಲಿ ಅಮ್ಮನ ಬಲಮಂಡಿ ಬದಲಿಸುವ ಶಸ್ತ್ರಚಿಕಿತ್ಸೆ ಶಿವಮೊಗ್ಗದಲ್ಲಿ ಆಯಿತು. ಬಿಲ್ಲು 2,46,000 ರೂಪಾಯಿ. ಮೂಲ ಪಾಲಿಸಿಯಿಂದ 2,18,000 ಬಂತು, ಉಳಿದದ್ದು ಕೈಯಿಂದ. ಮೂಲ ಪಾಲಿಸಿಯಲ್ಲಿ ಇನ್ನು 82,000 ಮಾತ್ರ ಉಳಿಯಿತು. ಜುಲೈ 3ರ ಬೆಳಿಗ್ಗೆ ಅಪ್ಪ ಹಿತ್ತಲ ಬಚ್ಚಲುಮನೆಯ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಎರಡೇ ದಿನಕ್ಕೆ ಶಸ್ತ್ರಚಿಕಿತ್ಸೆ, ಒಟ್ಟು ಬಿಲ್ಲು 2,71,000. ಮೂಲ ಪಾಲಿಸಿ ತನ್ನಲ್ಲಿ ಉಳಿದಿದ್ದ 82,000ವನ್ನು ಕೊಟ್ಟು ಬರಿದಾಯಿತು. ಉಳಿದ 1,89,000 ರೂಪಾಯಿಗೆ ಸೂಪರ್ ಟಾಪ್‌ಅಪ್ ಇದೆಯಲ್ಲ ಎಂದು ನಾನು ಧೈರ್ಯವಾಗಿದ್ದೆ. ಎರಡು ಬಿಲ್ಲು ಸೇರಿ ಐದು ಲಕ್ಷ ದಾಟಿತ್ತು. ಅಪಘಾತದ ಗಾಯವಾದ್ದರಿಂದ ಕಾಯುವ ಅವಧಿಯ ತೊಡಕೂ ಇರಲಿಲ್ಲ.

ಕಂಪನಿ ಒಂದು ರೂಪಾಯಿಯನ್ನೂ ಕೊಡಲಿಲ್ಲ, ಮತ್ತು ಕೊಡದೇ ಇದ್ದದ್ದು ನಿಯಮಕ್ಕೆ ಸರಿಯಾಗಿಯೇ ಇತ್ತು. ಮೇ ತಿಂಗಳ ಖರ್ಚು ಜೂನ್ 11ಕ್ಕೆ ಮುಗಿದ ಹಳೆಯ ವರ್ಷಕ್ಕೆ ಸೇರಿತು. ಜೂನ್ 12ರಿಂದ ಶುರುವಾದ ಹೊಸ ವರ್ಷದಲ್ಲಿ ನಮ್ಮ ಖರ್ಚು 2,71,000 ಮಾತ್ರ. ಮೂರು ಲಕ್ಷದ ಗಡಿ ದಾಟಿರಲಿಲ್ಲ. ಅಮ್ಮನ ಶಸ್ತ್ರಚಿಕಿತ್ಸೆಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿದ್ದರೆ, ಆ 1,89,000ದ ಬಹುಭಾಗ ನಮಗೆ ಸಿಗುತ್ತಿತ್ತು. ಮಂಡಿನೋವು ನಾಲ್ಕು ವರ್ಷದಿಂದ ಇದ್ದದ್ದು. ಒಂದು ತಿಂಗಳು ಕಾಯುವುದು ಕಷ್ಟವಿರಲಿಲ್ಲ. ಈ ಲೆಕ್ಕವನ್ನು ನನಗೆ ಮೊದಲೇ ಯಾರಾದರೂ ಕೂರಿಸಿ ತಿಳಿಸಿದ್ದರೆ ಎಂದು ಎಷ್ಟೋ ಸಲ ಅನಿಸಿದೆ. ಈ ಬರಹದ ಮುಖ್ಯ ಕಾರಣವೂ ಅದೇ. ಹೊಸದಾಗಿ ಕೊಳ್ಳುವವರು ಮೂಲ ಪಾಲಿಸಿಯ ನವೀಕರಣದ ದಿನಾಂಕವನ್ನು ಮೊದಲು ನೋಡಿ, ಸೂಪರ್ ಟಾಪ್‌ಅಪ್ ಅದೇ ದಿನದಿಂದ ಆರಂಭವಾಗುವಂತೆ ಕೊಂಡುಕೊಳ್ಳಬೇಕು. ಬ್ಯಾಂಕ್ ನಿವೃತ್ತರ ಮನೆಯವರಾದರೆ ಅಕ್ಟೋಬರ್‌ನಲ್ಲಿ ಅರ್ಜಿ ಹಾಕಿ ನವೆಂಬರ್ 1ರಿಂದ ಪಾಲಿಸಿ ಕೇಳುವುದು ಉತ್ತಮ. ಆಗಲೇ ಬೇರೆ ದಿನಾಂಕದಲ್ಲಿ ಪಾಲಿಸಿ ಇರುವವರು ದಿನಾಂಕ ಹೊಂದಿಸಲೆಂದು ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳಬಾರದು. ಕಾಯುವ ಅವಧಿಗಳು ಮೊದಲಿಂದ ಶುರುವಾಗುತ್ತವೆ. ಅಂಥವರು ಎರಡೂ ದಿನಾಂಕಗಳನ್ನು ಮನೆಯ ಕ್ಯಾಲೆಂಡರ್‌ನಲ್ಲಿ ಬರೆದಿಟ್ಟುಕೊಂಡು, ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳಿಗೆ ದಿನ ಗೊತ್ತುಮಾಡುವಾಗ ಅದನ್ನು ವೈದ್ಯರ ಮುಂದಿಡಬೇಕು.

ಪಾಲಿಸಿ ನಿಜವಾಗಿ ಕೈ ಹಿಡಿದದ್ದು ಡಿಸೆಂಬರ್‌ನಲ್ಲಿ. ಅಮ್ಮನಿಗೆ ಶೀತವಾಗಿ ಶುರುವಾದದ್ದು ನ್ಯುಮೋನಿಯಾಕ್ಕೆ ತಿರುಗಿ, ರಾತ್ರೋರಾತ್ರಿ ಆಂಬುಲೆನ್ಸ್‌ನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾಯಿತು. ಹನ್ನೆರಡು ದಿನ, ಅದರಲ್ಲಿ ಆರು ದಿನ ಐಸಿಯು. ಆ ಹೊತ್ತಿಗೆ ನವೆಂಬರ್ 1 ದಾಟಿದ್ದರಿಂದ ಮೂಲ ಪಾಲಿಸಿ ಮತ್ತೆ ಮೂರು ಲಕ್ಷಕ್ಕೆ ತುಂಬಿತ್ತು. ಆಸ್ಪತ್ರೆಯ ವಿಮಾ ಕೌಂಟರ್‌ನಲ್ಲಿ ಮೂಲ ಪಾಲಿಸಿಯ ಕಾರ್ಡ್ ಕೊಟ್ಟು ಕ್ಯಾಶ್‌ಲೆಸ್ (ಕಂಪನಿಯೇ ನೇರವಾಗಿ ಆಸ್ಪತ್ರೆಗೆ ಹಣ ಕೊಡುವ ವ್ಯವಸ್ಥೆ) ಮಾಡಿಸಿದೆ. ಅದೇ ದಿನ ಸೂಪರ್ ಟಾಪ್‌ಅಪ್ ಕಂಪನಿಗೂ ಫೋನ್ ಮಾಡಿ ದಾಖಲಾದ ಸಂಗತಿ ತಿಳಿಸಿ, ದೂರು ಸಂಖ್ಯೆಯಂತೆ ಅವರು ಕೊಟ್ಟ ಸೂಚನಾ ಸಂಖ್ಯೆಯನ್ನು ಬರೆದಿಟ್ಟುಕೊಂಡೆ. ತುರ್ತಾಗಿ ಸೇರಿಸಿದಾಗ 24 ಗಂಟೆಯೊಳಗೆ ತಿಳಿಸಬೇಕೆಂಬ ಷರತ್ತು ನಮ್ಮ ಪಾಲಿಸಿಯಲ್ಲಿದೆ. ಮೂಲ ಪಾಲಿಸಿಯಿಂದ ಎಲ್ಲ ಬರುತ್ತದೆಂದು ಸುಮ್ಮನಿದ್ದು, ಬಿಲ್ಲು ಏರಿದ ಮೇಲೆ ತಿಳಿಸಿದರೆ ತಡವಾಯಿತೆಂಬ ಆಕ್ಷೇಪಕ್ಕೆ ಎಡೆ ಕೊಟ್ಟಂತಾಗುತ್ತದೆ.

ಬಿಲ್ಲು 6,12,000 ಆಯಿತು. ಮೂಲ ಪಾಲಿಸಿಯಿಂದ ಮೂರು ಲಕ್ಷ ಮಂಜೂರಾಯಿತು. 2024ರ ಮೇ 29ರ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್‌ಚಾರ್ಜ್ ವೇಳೆ ಅಂತಿಮ ಮಂಜೂರಾತಿ ಮೂರು ಗಂಟೆಯೊಳಗೆ ಆಗಬೇಕು, ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚುವರಿ ಹಣ ಕೇಳಿದರೆ ಅದನ್ನು ವಿಮಾ ಕಂಪನಿಯೇ ಭರಿಸಬೇಕು. ಸೇರಿಸುವಾಗಿನ ಮಂಜೂರಾತಿ ಹೇಳಿದ ಹೊತ್ತಿಗೇ ಬಂತು. ಡಿಸ್‌ಚಾರ್ಜ್ ದಿನ ಮಾತ್ರ ಬೆಳಿಗ್ಗೆ ಹತ್ತಕ್ಕೆ ವೈದ್ಯರು ಮನೆಗೆ ಹೋಗಬಹುದೆಂದರೆ ನಾವು ಹೊರಬಿದ್ದದ್ದು ಸಂಜೆ ಐದೂವರೆಗೆ. ಅದರಲ್ಲಿ ಆಸ್ಪತ್ರೆಯವರು ಅಂತಿಮ ಬಿಲ್ಲು ಸಿದ್ಧಪಡಿಸಿ ಕಳುಹಿಸಲು ತೆಗೆದುಕೊಂಡ ಹೊತ್ತೇ ನಾಲ್ಕು ಗಂಟೆ. ಮೂರು ಗಂಟೆಯ ಲೆಕ್ಕ ಶುರುವಾಗುವುದು ಕೋರಿಕೆ ಕಂಪನಿಗೆ ತಲುಪಿದ ಮೇಲೆ. ಅಮ್ಮ ಅಷ್ಟೂ ಹೊತ್ತು ಸೀರೆಯುಟ್ಟು, ಔಷಧದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮಂಚದ ತುದಿಯಲ್ಲಿ ಕುಳಿತೇ ಇದ್ದರು.

ಉಳಿದ 3,12,000 ರೂಪಾಯಿಗೆ ಸೂಪರ್ ಟಾಪ್‌ಅಪ್‌ನವರು ಅಲ್ಲೇ ಕ್ಯಾಶ್‌ಲೆಸ್ ಕೊಡಲಿಲ್ಲ. ಎಷ್ಟು ಕೊಟ್ಟರು, ಎಷ್ಟು ಕಡಿದರು ಎಂದು ತಿಳಿಸುವ ಮೂಲ ಕಂಪನಿಯ ಇತ್ಯರ್ಥ ಪತ್ರ ಬಂದ ಮೇಲೆ ನೋಡುತ್ತೇವೆ, ಸದ್ಯ ನೀವು ಕಟ್ಟಿ ಆಮೇಲೆ ಅರ್ಜಿ ಹಾಕಿ ಎಂದರು. ನನ್ನ ಹೆಸರಿನಲ್ಲಿದ್ದ ಒಂದು ಠೇವಣಿಯನ್ನು ಅವಧಿಗೆ ಮುಂಚೆ ಮುರಿದು ಕಟ್ಟಿದೆ. ಠೇವಣಿ ಇಲ್ಲದ ಮನೆಯವರು ಆ ಸಂಜೆ ಏನು ಮಾಡುತ್ತಾರೆ ಎಂಬ ಯೋಚನೆ ಊರಿಗೆ ಬರುವ ದಾರಿಯುದ್ದಕ್ಕೂ ನನ್ನನ್ನು ಬಿಡಲಿಲ್ಲ. ಹತ್ತು ಲಕ್ಷದ ರಕ್ಷಣೆಯಿದೆ ಎಂದು ಕಾಗದ ಹೇಳುತ್ತಿದ್ದರೂ, ಅಗತ್ಯ ಬಿದ್ದ ಗಳಿಗೆಯಲ್ಲಿ ಮೂರು ಲಕ್ಷ ನಗದು ಹೊಂದಿಸುವ ಶಕ್ತಿ ಇರಲೇಬೇಕು. ಎರಡು ಬೇರೆ ಬೇರೆ ಕಂಪನಿಗಳ ಪಾಲಿಸಿಗಳನ್ನು ಒಂದರ ಮೇಲೊಂದು ಇಟ್ಟಾಗ ಬರುವ ದೊಡ್ಡ ತೊಂದರೆ ಇದು. ಮೂಲವೂ ಪೂರಕವೂ ಒಂದೇ ಕಂಪನಿಯದಾಗಿದ್ದರೆ ಈ ಅಲೆದಾಟ ಕಡಿಮೆಯಾಗುತ್ತದೆ. ಗುಂಪು ವಿಮೆಯ ಜೊತೆಯಲ್ಲೇ ಪೂರಕ ಪಾಲಿಸಿಯ ಆಯ್ಕೆ ಕೊಟ್ಟಿದ್ದರೆ ಮೊದಲು ಅದನ್ನು ನೋಡುವುದು ಜಾಣತನ.

ಜನವರಿ 2ರಂದು ಕಾಗದಗಳನ್ನು ಕಳುಹಿಸಿದೆ. ಮೂಲ ಬಿಲ್ಲುಗಳು ಮೊದಲನೆಯ ಕಂಪನಿಗೆ ಹೋಗಿರುವುದರಿಂದ, ಎರಡನೆಯವರಿಗೆ ಆಸ್ಪತ್ರೆಯ ಮೊಹರು ಬಿದ್ದ ನಕಲುಗಳು, ಮೊದಲನೆಯವರ ಇತ್ಯರ್ಥ ಪತ್ರ, ಡಿಸ್‌ಚಾರ್ಜ್ ಸಾರಾಂಶ, ನಾವು ಕಟ್ಟಿದ ಹಣದ ರಸೀದಿ ಇವಿಷ್ಟೂ ಬೇಕು. ಬಿಲ್ಲಿನ ಪುಟಗಳು ನಲವತ್ತೊಂದಿದ್ದವು, ಪ್ರತಿ ಪುಟದ ಮೇಲೂ ಮೊಹರು ಬೇಕು. ಹನ್ನೊಂದನೆಯ ಪುಟಕ್ಕೆ ಮೊಹರು ಬಿದ್ದಿಲ್ಲವೆಂದು ಒಂದು ಪ್ರಶ್ನೆ ಬಂತು. ಅದಕ್ಕಾಗಿ ಮತ್ತೊಮ್ಮೆ ಮಂಗಳೂರಿಗೆ ಹೋಗಿ ಬಂದೆ. ಆಮೇಲೆ ಒಳರೋಗಿ ದಾಖಲೆಗಳನ್ನೆಲ್ಲ ಕೇಳಿದರು. ಮೂರನೆಯ ಸಲ, ಜುಲೈನಲ್ಲಿ ಅಪ್ಪನ ಚಿಕಿತ್ಸೆಗೆ ಆದ ಖರ್ಚಿನ ಕಾಗದಗಳನ್ನು ಕೇಳಿದಾಗ ನಾನು ಓಡಾಟ ನಿಲ್ಲಿಸಿ ಮೇಲ್ ಬರೆದೆ. ಮೇಲೆ ಹೇಳಿದ ಸುತ್ತೋಲೆಯಲ್ಲೇ ಎರಡು ಮಾತುಗಳಿವೆ. ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಪಾಲಿಸಿಗಳಿದ್ದರೆ, ಅವರು ಮೊದಲು ಆರಿಸಿಕೊಂಡ ಕಂಪನಿಯೇ ಉಳಿದ ಕಂಪನಿಗಳೊಂದಿಗೆ ಸಮನ್ವಯ ನಡೆಸಿ ಬಾಕಿ ಮೊತ್ತ ಸಿಗುವಂತೆ ನೋಡಿಕೊಳ್ಳಬೇಕು. ಕ್ಲೇಮಿಗೆ ಬೇಕಾದ ದಾಖಲೆಗಳನ್ನು ಕಂಪನಿಗಳೂ ಟಿಪಿಎಗಳೂ (ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆಗಳು) ಆಸ್ಪತ್ರೆಯಿಂದ ಪಡೆದುಕೊಳ್ಳಬೇಕೇ ಹೊರತು ಪಾಲಿಸಿದಾರರನ್ನು ಅಲೆಸಬಾರದು. ಈ ಎರಡನ್ನೂ ಸುತ್ತೋಲೆಯ ದಿನಾಂಕದ ಸಮೇತ ಉಲ್ಲೇಖಿಸಿ, ಎರಡೂ ಕಂಪನಿಗಳ ಕುಂದುಕೊರತೆ ಅಧಿಕಾರಿಗಳಿಗೆ ಒಂದೇ ಮೇಲ್ ಕಳುಹಿಸಿದೆ. ಅದಾದ ಮೇಲೆ ನನಗೆ ಒಂದು ಪ್ರಶ್ನೆಯೂ ಬರಲಿಲ್ಲ. ಒಂಬತ್ತನೆಯ ದಿನ, ಫೆಬ್ರವರಿ 4ರಂದು 2,73,400 ರೂಪಾಯಿ ಖಾತೆಗೆ ಬಂತು.

ಕಡಿತವಾದ 38,600 ರೂಪಾಯಿಯ ವಿವರವನ್ನು ಕುಳಿತು ಓದಿದೆ. ಕೈಗವಸು, ಮುಖಗವಸು, ನೋಂದಣಿ ಶುಲ್ಕ, ಆಸ್ಪತ್ರೆಯ ಕಿಟ್, ಜೊತೆಗಿದ್ದವರ ಊಟ ಇವೆಲ್ಲ ಪಾವತಿಗೆ ಸೇರದ ವಸ್ತುಗಳ ಪಟ್ಟಿಯಲ್ಲಿ ಇರುವಂಥವೇ. ಹೆಚ್ಚು ಹಣ ಕಟ್ಟಿದರೆ ಇವುಗಳಿಗೂ ರಕ್ಷಣೆ ಕೊಡುವ ಉಪರಕ್ಷಣೆ ಸಿಗುತ್ತದೆ. ಐಸಿಯುವಿನಲ್ಲಿ ಈ ಸಾಮಗ್ರಿಗಳ ಬಳಕೆ ಎಷ್ಟಿರುತ್ತದೆಂದು ಕಂಡ ಮೇಲೆ ಈ ಸಲ ಅದನ್ನು ಸೇರಿಸಿಕೊಳ್ಳಬೇಕೆಂದಿದ್ದೇನೆ. ಕಡಿತದ ಬಗ್ಗೆ ತಕರಾರು ಇದ್ದಿದ್ದರೆ ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲಿ ದೂರು ಕೊಡಬಹುದಿತ್ತು, ಅಲ್ಲಿಯೂ ಆಗದಿದ್ದರೆ ವಿಮಾ ದೂರುಗಳನ್ನು ತೀರ್ಮಾನಿಸುವ, ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದಿತ್ತು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ನಮಗೆ ಅದರ ಅಗತ್ಯ ಬೀಳಲಿಲ್ಲ.

ಕೊಠಡಿ ಬಾಡಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಮೂಲ ಪಾಲಿಸಿಯಲ್ಲಿ ದಿನಕ್ಕೆ 5,000 ರೂಪಾಯಿಯ ಮಿತಿ ಇದೆ, ಸೂಪರ್ ಟಾಪ್‌ಅಪ್‌ನಲ್ಲಿ ಒಂಟಿ ಕೊಠಡಿಗೆ ಅವಕಾಶವಿದೆ. ಮೇ ತಿಂಗಳಲ್ಲಿ ಅಮ್ಮನಿಗೆ 6,500 ರೂಪಾಯಿಯ ಕೊಠಡಿ ತೆಗೆದುಕೊಂಡೆವು. ಹೆಚ್ಚಾದ 1,500ನ್ನು ನಾವು ಕೊಟ್ಟರಾಯಿತೆಂದು ತಿಳಿದಿದ್ದೆವು. ಆದರೆ ವೈದ್ಯರ ಶುಲ್ಕ, ಶಸ್ತ್ರಚಿಕಿತ್ಸಾ ಕೊಠಡಿಯ ಶುಲ್ಕಗಳನ್ನೂ ಅದೇ ಪ್ರಮಾಣದಲ್ಲಿ ಕಡಿದರು. ಔಷಧ, ಬದಲಿ ಮಂಡಿಯಂಥ ಇಂಪ್ಲಾಂಟ್, ತಪಾಸಣೆ, ಐಸಿಯು ಇವುಗಳಿಗೆ ಹೀಗೆ ಪ್ರಮಾಣಾನುಗುಣ ಕಡಿತ ಮಾಡುವಂತಿಲ್ಲ ಎಂಬ ನಿಯಮವಿದೆ, ಅದನ್ನು ಪಾಲಿಸಿದ್ದಾರೆಯೇ ಎಂದು ಇತ್ಯರ್ಥ ಪತ್ರದಲ್ಲಿ ನೋಡಿಕೊಳ್ಳಬೇಕು. ಪೂರಕ ಪಾಲಿಸಿ ಉದಾರವಾಗಿದೆಯೆಂದು ಮೂಲ ಪಾಲಿಸಿಯ ಮಿತಿಯನ್ನು ಮರೆಯುವಂತಿಲ್ಲ.

70 ದಾಟಿದವರಿಗೆಲ್ಲ, ಆದಾಯ ನೋಡದೆ, ಐದು ಲಕ್ಷ ರೂಪಾಯಿಯ ಚಿಕಿತ್ಸೆಗೆ ಅವಕಾಶ ಕೊಡುವ ಆಯುಷ್ಮಾನ್ ಭಾರತ್ ವಿಸ್ತರಣೆಗೆ 2024ರ ಅಕ್ಟೋಬರ್ 29ರಂದು ಚಾಲನೆ ಸಿಕ್ಕಿತು. ಖಾಸಗಿ ವಿಮೆ ಇರುವವರೂ ಅದಕ್ಕೆ ಅರ್ಹರು. ಹಾಗಿದ್ದರೆ ಹಣ ಕಟ್ಟಿ ಪೂರಕ ಪಾಲಿಸಿ ಏಕೆ ಎಂದು ಅಪ್ಪನ ಗೆಳೆಯರೊಬ್ಬರು ಕೇಳಿದರು. ಅಮ್ಮನಿಗೆ ಇನ್ನೂ 70 ಆಗಿಲ್ಲ ಎಂಬುದು ಒಂದು ಉತ್ತರ. ಸರ್ಕಾರಿ ಯೋಜನೆ ನಡೆಯುವುದು ನೋಂದಾಯಿತ ಆಸ್ಪತ್ರೆಗಳಲ್ಲಿ, ನಿಗದಿತ ಪ್ಯಾಕೇಜ್‌ಗಳ ಲೆಕ್ಕದಲ್ಲಿ. ರಾತ್ರಿ ಎರಡು ಗಂಟೆಗೆ ಹತ್ತಿರದ ಯಾವ ಆಸ್ಪತ್ರೆ ಸಿಕ್ಕಿತೋ ಅಲ್ಲಿಗೆ ಹೋಗುವವರು ಅದೊಂದನ್ನೇ ನಂಬಿ ಕೂರಲಾಗದು ಎಂಬುದು ಇನ್ನೊಂದು.

ಈ ಪಾಲಿಸಿ ಯಾರಿಗೆ ಹೊಂದುತ್ತದೆ ಎಂದು ಕೇಳಿದರೆ, ಮೂರರಿಂದ ಐದು ಲಕ್ಷದ ಮೂಲ ಪಾಲಿಸಿ ಈಗಾಗಲೇ ಇದ್ದು, ಅದನ್ನೇ ಹತ್ತು ಹದಿನೈದು ಲಕ್ಷಕ್ಕೆ ಏರಿಸಲು ಹೋದರೆ ಪ್ರೀಮಿಯಂ ಕೈಗೆಟುಕದ ಮನೆಗಳಿಗೆ ನಿಸ್ಸಂಶಯವಾಗಿ ಹೊಂದುತ್ತದೆ. ಮೂಲ ಪಾಲಿಸಿಯೇ ಇಲ್ಲದವರು ಡಿಡಕ್ಟಿಬಲ್‌ನಷ್ಟು ಹಣವನ್ನು ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟಿರಬೇಕು, ಇಲ್ಲದಿದ್ದರೆ ಕೊಳ್ಳಬಾರದು. ಪ್ರೀಮಿಯಂ ಕಡಿಮೆಯಾಗುತ್ತದೆಂದು ಮೂರು ಲಕ್ಷದ ಮೂಲ ಪಾಲಿಸಿಯ ಮೇಲೆ ಐದು ಲಕ್ಷದ ಡಿಡಕ್ಟಿಬಲ್ ಆರಿಸಿಕೊಂಡವರನ್ನು ನಾನು ನೋಡಿದ್ದೇನೆ. ನಡುವಿನ ಎರಡು ಲಕ್ಷ ಯಾರದೂ ಅಲ್ಲದ ಖರ್ಚಾಗಿ ಅವರ ಮೇಲೇ ಬೀಳುತ್ತದೆ. ಪಾಲಿಸಿ ಕೈಗೆ ಬಂದ ಮೇಲೆ ಓದಿ ನೋಡಿ ಬೇಡವೆಂದರೆ ಹಿಂದಿರುಗಿಸಲು ಈಗ 30 ದಿನಗಳ ಅವಕಾಶವಿದೆ. ಆ ದಿನಗಳನ್ನು ಓದಲಿಕ್ಕೇ ಬಳಸಬೇಕು.

ನಮ್ಮ ಪಾಲಿಸಿಯಲ್ಲಿ ಈ ಸಾಲಿಗೆ ಮೂರು ಲಕ್ಷದ ಗಡಿ ದಾಟಿಯಾಗಿದೆ, ಇನ್ನೂ ಏಳು ಲಕ್ಷಕ್ಕೂ ಹೆಚ್ಚಿನ ರಕ್ಷಣೆ ಉಳಿದಿದೆ, ಮತ್ತು ವರ್ಷ ಮುಗಿಯುವುದು ಜೂನ್ 11ಕ್ಕೆ. ಮೂಲ ಪಾಲಿಸಿಯೋ ಅಕ್ಟೋಬರ್ ಕೊನೆಯವರೆಗೆ ಬರಿದು. ಅಮ್ಮನ ಎಡಮಂಡಿಯ ಶಸ್ತ್ರಚಿಕಿತ್ಸೆ ಬಾಕಿ ಇರುವುದರಿಂದ ಕಳೆದ ವಾರ ಈ ದಿನಾಂಕಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ವೈದ್ಯರ ಬಳಿಗೆ ಹೋದೆವು. ಶ್ವಾಸಕೋಶ ಪೂರ್ತಿ ಚೇತರಿಸಿಕೊಳ್ಳಲು ಸಮಯ ಬೇಕು, ಅದಕ್ಕಿಂತ ಮೊದಲು ಮಾಡುವುದಿಲ್ಲ ಎಂದು ಅವರು ಮೊದಲೇ ಹೇಳಿದರು, ನಾವೂ ಒಪ್ಪಿದೆವು. ಆಮೇಲೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಕ್ಯಾಲೆಂಡರ್ ತಿರುಗಿಸಿ, ಮೇ ತಿಂಗಳ ಎರಡನೆಯ ವಾರಕ್ಕೆ ದಿನ ಕೊಟ್ಟಿದ್ದಾರೆ.